ಕೇಳಿ ತಂದ ಅಂಜೂರದ ಕಡ್ಡಿ

ನನ್ನ ತವರು ಜೈನಾಪುರ, ಬಬಲೇಶ್ವರದ ಮಗ್ಗುಲಿನ ಹಳ್ಳಿ. ಕೊಟ್ಟ ಮನೆ ತಿಕೋಟಾದಲ್ಲಿ. ಇರುವುದು ವಿಜಯಪುರದಲ್ಲಿ, ನಮ್ಮ ಮನೆಯವರು ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸುವ ಓಣಿಯಲ್ಲಿ. ಈ ಮೂರು ಊರುಗಳಲ್ಲಿ ನಿನ್ನದು ಎನ್ನುವ ಮಣ್ಣು ಎಷ್ಟಿದೆ ಎಂದು ಯಾರಾದರೂ ಕೇಳಿದರೆ, ಮಾಳಿಗೆಯ ಮೇಲಿನ ಬಣ್ಣದ ಬಕೆಟ್ಟುಗಳಲ್ಲಿ ತುಂಬಿರುವಷ್ಟು ಎನ್ನಬೇಕು. ಕೊರಗಿ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಆ ಬಕೆಟ್ಟುಗಳಲ್ಲಿ ಕರಿಬೇವು ಬೆಳೆದಿದ್ದೇನೆ, ಮಲ್ಲಿಗೆ ಬೆಳೆದಿದ್ದೇನೆ, ಒಂದು ವರ್ಷ ಹಟಕ್ಕೆ ಬಿದ್ದು ಬದನೆಯನ್ನೂ ಬೆಳೆದಿದ್ದೇನೆ. ಅವೆಲ್ಲ ಹವ್ಯಾಸ. ಅಂಜೂರ ಹಾಗಲ್ಲ.

ತವರಿನ ಹೊಲದಲ್ಲಿ ಬಾವಿಯ ದಂಡೆಗೆ ಅಪ್ಪ ಹಚ್ಚಿದ ಒಂದು ಅಂಜೂರದ ಗಿಡವಿತ್ತು. ದೊಡ್ಡ ಗಿಡವೇನಲ್ಲ. ಹಣ್ಣೂ ಅಂಗಡಿಯ ಹಣ್ಣಿನಷ್ಟು ದಪ್ಪವಿರಲಿಲ್ಲ, ಆದರೆ ಒಡೆದರೆ ಒಳಗೆಲ್ಲ ಕೆಂಪು, ಬೆಲ್ಲದ ಪಾಕದಂಥ ರುಚಿ. ಹಣ್ಣು ಮೆತ್ತಗಾಗುವ ಹೊತ್ತಿಗೆ ಗಿಳಿಗಳು ಬರುತ್ತಿದ್ದವು. ಅದಕ್ಕೆ ಅಪ್ಪ ಹಳೆಯ ಧೋತರ ಹರಿದು, ಒಂದೊಂದು ಹಣ್ಣಿಗೂ ಕುಲಾವಿ ತೊಡಿಸಿದಂತೆ ತುಣುಕು ಕಟ್ಟುತ್ತಿದ್ದರು. ಗಿಳಿಗೆ ಅಷ್ಟು ಸಾಕಿತ್ತು, ನನ್ನ ತಮ್ಮನಿಗೆ ಸಾಲುತ್ತಿರಲಿಲ್ಲ. ಅವನು ಬಟ್ಟೆ ಬಿಚ್ಚಿ, ಹಣ್ಣು ತಿಂದು, ಖಾಲಿ ಬಟ್ಟೆಯನ್ನು ಮೊದಲಿನಂತೆ ಕಟ್ಟಿಡುತ್ತಿದ್ದ. ಇಷ್ಟು ಜಾಣನಿಗೆ ತೊಟ್ಟಿನ ಹಾಲು ತುಟಿಗೆ ತಾಕಿದರೆ ತುಟಿ ಊದುತ್ತದೆ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ. ಊದಿದ ತುಟಿ ಹೊತ್ತುಕೊಂಡು ಬಂದು "ನಾ ಅಲ್ಲ" ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಹೊಲ ತಮ್ಮನ ಹೆಸರಿಗೆ ಆಗಬೇಕಿತ್ತು. ಅವನೇ ಮನೆಗೆ ಬಂದು, "ಅಕ್ಕಾ, ನಿಂದೊಂದ ಸಹಿ ಬೇಕಾಗಿತ್ತಬೇ," ಅಂದ. ನಮ್ಮ ಕಡೆ ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡುವುದು, ಬೀಗರ ಮನೆಯಲ್ಲಿ ಎರಡನೇ ಹೋಳಿಗೆಗೆ ಬೇಡ ಎನ್ನುವಷ್ಟು ಸಹಜ. ನಾನೂ ಮಾಡಿದೆ. ಹೊಲದ ಮೇಲೆ ನನಗೆ ಆಸೆ ಇರಲಿಲ್ಲ, ತಮ್ಮ ಚೆನ್ನಾಗಿ ದುಡಿಯುವವನು. ಆದರೆ ಬೀಗರ ಮನೆಯಲ್ಲಿ ಹೋಳಿಗೆಯನ್ನಾದರೂ ಎರಡು ಸಲ ಒತ್ತಾಯ ಮಾಡುತ್ತಾರೆ. ಬೇಡ ಎನ್ನಲಿಕ್ಕಾದರೂ ಯಾರಾದರೂ ಮೊದಲು ತಗೋ ಎನ್ನಬೇಕಲ್ಲ. ಅದು ನನ್ನ ಮನಸ್ಸಿನಲ್ಲಿ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಉಳಿಯಿತು. ಬಾಯಿ ಬಿಟ್ಟು ಹೇಳಲಿಲ್ಲ.

ಕೆಲವು ವರ್ಷ ಕಳೆದವು. ನಮ್ಮ ಕಡೆ ಕಾಲುವೆಯ ನೀರು ಬಂದ ಮೇಲೆ ತಮ್ಮ ಜೋಳ ಬಿಟ್ಟು ದ್ರಾಕ್ಷಿ ಹಾಕಿದ. ಒಂದು ಎಳ್ಳಮಾವಾಸ್ಯೆಗೆ ಎಂದಿನಂತೆ ತವರಿಗೆ ಹೋಗಿದ್ದೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬಾವಿಯ ದಂಡೆಗೆ ಕುಳಿತು ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಊಟ ಮಾಡುತ್ತಿದ್ದೆವು. ತಮ್ಮ ಗಿಡದ ಕಡೆ ನೋಡದೆಯೇ ಹೇಳಿದ.

"ಅಕ್ಕಾ, ಈ ಗಿಡ ತಗಸ್ತೀನಿ ನೋಡಬೇ. ದ್ರಾಕ್ಷಿ ಒಣಗಸಾಕ ಶೆಡ್ ಹಾಕಬೇಕಾಗೇತಿ."

"ಬ್ಯಾರೆ ಕಡೆ ಜಾಗ ಇಲ್ಲೇನ?"

"ಬ್ಯಾರೆ ಕಡೆ ಎಲ್ಲಾ ಬಳ್ಳಿ ಅದಾವ. ಶೆಡ್ಡಿಗೆ ಗಾಳಿ ಆಡಬೇಕು, ನೆರಳ ಬೀಳಬಾರದು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಣದ್ರಾಕ್ಷಿಯ ಶೆಡ್ಡನ್ನು ತಿಕೋಟಾದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ನೆರಳಿದ್ದರೆ ಕಾಯಿ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಜಗಳ ಮಾಡಲು ನನಗೆ ಕಾರಣವೇ ಸಿಗಲಿಲ್ಲ, ಅದೇ ನನ್ನ ಸಿಟ್ಟಿಗೆ ಕಾರಣ.

"ಹಂಗಾರ ಕಡಿಯೂಕಿಂತ ಮೊದಲ ನಾಕ ಟೊಂಗಿ ನನಗ ಕೊಡು," ಅಂದೆ.

"ಟೊಂಗಿ ಏನ ಕೇಳ್ತೀಬೇ, ಬೇಕಾದಷ್ಟ ಒಯ್ಯಿ."

ಅಂತೂ ತವರಿನವರು ಒಂದನ್ನಾದರೂ ಬೇಕಾದಷ್ಟು ಒಯ್ಯಿ ಅಂದರಲ್ಲ ಎಂದುಕೊಂಡು ಕುಡಗೋಲು ಹಿಡಿದು ಎದ್ದೆ. ಹೆಬ್ಬೆರಳು ಗಾತ್ರದ, ಗೇಣುದ್ದದ ಕಡ್ಡಿಗಳನ್ನು ಆರಿಸಿದೆ. ಒಂದೊಂದರಲ್ಲೂ ಚಿಗುರೊಡೆಯುವ ಮೂರು ನಾಲ್ಕು ಕಣ್ಣು ಇರುವಂತೆ ನೋಡಿಕೊಂಡೆ. ತಲೆಯ ಕಡೆ ನೆಟ್ಟಗೆ, ಬುಡದ ಕಡೆ ಓರೆಯಾಗಿ ಕತ್ತರಿಸಿದೆ, ನೆಡುವಾಗ ತಲೆಕೆಳಗಾಗಬಾರದೆಂದು. ಹಾಲು ಸೋರಿ ನಿಲ್ಲುವ ತನಕ ನೆರಳಿನಲ್ಲಿಟ್ಟು, ಒದ್ದೆ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸಾರವಾಡದಲ್ಲಿ ಹತ್ತಿದ ಒಬ್ಬಾಕೆ ಮಗು ಎಂದು ತಿಳಿದು ಸರಿದು ಜಾಗ ಕೊಟ್ಟಳು. ಒಳಗಿದ್ದದ್ದು ಕಡ್ಡಿ ಎಂದು ಕಂಡ ಮೇಲೆ ಜಾಗ ವಾಪಸ್ ತೆಗೆದುಕೊಂಡಳು.

ಮನೆಯಲ್ಲಿ ಮಣ್ಣಿನ ವಿಚಾರಕ್ಕೆ ಜಗಳ ಶುರುವಾಯಿತು. ನಮ್ಮ ಎರೆಮಣ್ಣು ನೀರು ಹಿಡಿದುಕೊಂಡು ಕೂರುತ್ತದೆ, ಬೇರಿಲ್ಲದ ಕಡ್ಡಿ ಅದರಲ್ಲಿ ಕೊಳೆಯುತ್ತದೆ. ಕೆಂಪು ಮಣ್ಣು, ಉಸುಕು, ಒಂದಿಷ್ಟು ಹಳೆಯ ತಿಪ್ಪೆಗೊಬ್ಬರ ಕೂಡಿಸಬೇಕೆಂದು ನಾನು. ಉಸುಕೇ ಹೆಚ್ಚಿರಬೇಕೆಂದು ನಮ್ಮ ಮನೆಯವರು. ಅವರು ಅಂಗಡಿಯಲ್ಲಿ ಮೋಟರು ಬಿಚ್ಚಿ ಕಟ್ಟುವವರಾದರೂ ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ. ಇವತ್ತಿಗೂ ಭಾನುವಾರ ಬಂತೆಂದರೆ ತಿಕೋಟಾಕ್ಕೆ ಹೋಗಿ ಅಣ್ಣತಮ್ಮಂದಿರ ತೋಟದಲ್ಲಿ ತಿರುಗಾಡದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

"ದ್ರಾಕ್ಷಿ ಮಂದೀಗೆ ಕಡ್ಡಿ ಹಚ್ಚೂದು ಕಲಸಾಕ ಬಂದೀಯೇನ?" ಅಂದರು.

"ಇದು ದ್ರಾಕ್ಷಿ ಅಲ್ರಿ, ಅಂಜೂರ," ಅಂದೆ.

"ಕಡ್ಡಿ ಅಂದ್ರ ಕಡ್ಡಿನ," ಅಂದರು. ಈ ಮಾತು ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಬಳಕೆಯಲ್ಲಿತ್ತು.

ನಮ್ಮ ಮಗ್ಗುಲ ಮನೆಯಲ್ಲಿ ಒಬ್ಬ ಮುಸಲ್ಮಾನ ಹೆಣ್ಣುಮಗಳು, ನಿವೃತ್ತ ಬಸ್ ಡ್ರೈವರರ ಹೆಂಡತಿ. ಆಕೆಯನ್ನು ನಾನು ಆಪಾ ಎನ್ನುತ್ತೇನೆ. ಆಕೆ ನನ್ನನ್ನು ಅಕ್ಕಾರ ಎನ್ನುತ್ತಾಳೆ. ಇಬ್ಬರ ಅರ್ಥವೂ ನೀನೇ ದೊಡ್ಡವಳು ಎಂದು. ಇಷ್ಟು ವರ್ಷದಲ್ಲಿ ಈ ವ್ಯಾಜ್ಯ ತೀರಿಲ್ಲ. ಬಕೆಟ್ಟುಗಳನ್ನು ಮಾಳಿಗೆಗೆ ಒಯ್ಯುವ ಮೊದಲು ನಾನು ಅಂಗಳದಲ್ಲಿ ಕಡ್ಡಿ ನೆಡುತ್ತಿರುವುದನ್ನು ಕಂಪೌಂಡಿನಾಚೆಯಿಂದ ನೋಡಿದ ಆಪಾ, "ಅಂಜೀರ ಏನ್ರಿ? ನಮ್ಮ ಕಿತಾಬಿನ್ಯಾಗ ಅದರ ಹೆಸರ ಐತ್ರಿ," ಅಂದಳು. ಒಂದು ಕಡ್ಡಿ ಎತ್ತಿ ಕೊಡಲು ಹೋದೆ. ಆಕೆ ಬಿಸಿ ಪಾತ್ರೆ ಕಂಡಂತೆ ಕೈ ಹಿಂದೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕಾರ. ಕೇಳಿ ತಗೊಂಡದ್ದ, ಕೊಟ್ಟಿದ್ದ ಹತ್ತೂದಿಲ್ಲ. ಕದ್ದದ್ದ ಅಷ್ಟ ಹತ್ತೂದು. ನೀವ ಒಳಗ ಹೋಗ್ರಿ."

ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಗಿಡ ಕೇಳಿ ಪಡೆದರೆ ಬೇರು ಬಿಡುವುದಿಲ್ಲ, ಕದಿಯಬೇಕು. ಒಳ್ಳೆಯ ನೆರೆಯವರಾದರೆ ಕದಿಯಲು ಅನುಕೂಲ ಮಾಡಿಕೊಡಬೇಕು. ನಾನು ಒಳಗೆ ಹೋಗಿ, ಕಳ್ಳಿಗೆ ಧೈರ್ಯ ಬರಲೆಂದು ಪಾತ್ರೆಗಳನ್ನು ಢಣಢಣ ಸದ್ದು ಮಾಡಿದೆ. ಹೊರಗೆ ಬಂದಾಗ ಒಂದು ಕಡ್ಡಿ ಕಡಿಮೆ ಇತ್ತು. ಆಪಾ ಏನೂ ಅರಿಯದವಳಂತೆ ಅಂಗಳ ಗುಡಿಸುತ್ತಿದ್ದಳು. ಒಗೆಯುವ ಕಲ್ಲಿನ ಪಕ್ಕ ಒಂದು ಹಳೆಯ ಎಣ್ಣೆ ಡಬ್ಬಿಯಲ್ಲಿ ಅದನ್ನು ನೆಟ್ಟಿದ್ದಳು.

ಅಷ್ಟರಲ್ಲಿ ಜೈನಾಪುರದಲ್ಲಿ ಗಿಡ ಹೋಯಿತು. ತಮ್ಮ ಫೋನಿನಲ್ಲಿ ಹೇಳಿದ, ಜೆಸಿಬಿ ತರಿಸಿ ಬೇರುಸಹಿತ ತೆಗೆಸಿದ್ದನಂತೆ. ಇನ್ನು ಅಪ್ಪನ ಗಿಡ ಎಂದರೆ ನನ್ನ ಮಾಳಿಗೆಯ ಮೇಲಿನ ಕಡ್ಡಿಗಳು ಮತ್ತು ಆಪಾನ ಡಬ್ಬಿಯ ಒಂದು ಕಡ್ಡಿ, ಅಷ್ಟೇ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಮಾಳಿಗೆ ಹತ್ತುತ್ತಿದ್ದೆ. ಕಣ್ಣು ಒಡೆದಿರುತ್ತಿರಲಿಲ್ಲ. ನನ್ನ ಮುಖ ದಿನದಿನಕ್ಕೆ ಸಣ್ಣದಾಗುವುದನ್ನು ನಮ್ಮ ಮನೆಯವರು ನೋಡಿದರು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬೈಯುವುದು ಕಷ್ಟ, ಆದರೂ ಹೇಳಲೇಬೇಕು.

ದ್ರಾಕ್ಷಿ ತೋಟದಲ್ಲಿ ಮಳೆಗಾಲ ಮುಗಿದ ಮೇಲೆ ಚಾಟಣಿ ಮಾಡುತ್ತಾರೆ, ಎಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತಾರೆ. ಆಮೇಲೆ ಉಳಿದ ಕಣ್ಣುಗಳಿಗೆ ಒಂದು ಔಷಧ ಹಚ್ಚುತ್ತಾರೆ. ಅದಕ್ಕೆ ಪೇಸ್ಟ್ ಎನ್ನುತ್ತಾರೆ. ಹಚ್ಚಿದರೆ ಮಲಗಿದ ಕಣ್ಣುಗಳೆಲ್ಲ ಒಮ್ಮೆಗೇ ಎದ್ದು ಚಿಗುರುತ್ತವೆ. ನಮ್ಮ ಮನೆಯವರು ಒಂದು ಭಾನುವಾರ ತಿಕೋಟಾದಿಂದ ಉಳಿದ ಪೇಸ್ಟ್ ತಂದು, ನಾನು ಸಂತೆಗೆ ಹೋದ ಹೊತ್ತು ನೋಡಿ, ಕೈಗೆ ಗ್ಲೌಸ್ ಹಾಕಿಕೊಂಡು ನನ್ನ ಕಡ್ಡಿಗಳ ಕಣ್ಣುಗಳಿಗೆಲ್ಲ ಹಚ್ಚಿಬಿಟ್ಟರು. ಬಂದ ಮೇಲೆ ಹೇಳಿದರು, "ಇನ್ನ ನೋಡು, ಹೆಂಗ ಒಡಿತಾವ."

ಒಡೆದವು. ಸುಳ್ಳು ಹೇಳಬಾರದು, ಅಂಥ ಚಂದದ ಚಿಗುರನ್ನು ನಾನು ಎಲ್ಲೂ ನೋಡಿಲ್ಲ. ಎಲ್ಲ ಕಡ್ಡಿಗಳಲ್ಲೂ ಒಟ್ಟಿಗೆ, ಸಣ್ಣ ಅಂಗೈಯಷ್ಟು ಹಸಿರು ಎಲೆಗಳು. ನಾನು ಎಲೆಯ ಮೇಲೆ ಕೈಯಾಡಿಸಿದೆ. ಅದೇ ಒರಟು, ಬೆಕ್ಕಿನ ನಾಲಿಗೆಯ ಹಾಗೆ. ಗಂಡನನ್ನು ಬಾಯ್ತುಂಬ ಹೊಗಳಿದೆ. ಅವರು ಫೋಟೋ ತೆಗೆದು ತಿಕೋಟಾದವರಿಗೆ, ಜೈನಾಪುರದವರಿಗೆ, ಅಂಗಡಿಯ ಗಿರಾಕಿಗಳಿಗೆ ಸಹ ಕಳಿಸಿದರು. ಆಪಾನ ಕಡ್ಡಿ ಮಾತ್ರ ನೆಟ್ಟ ದಿನ ಹೇಗಿತ್ತೋ ಹಾಗೇ ಇತ್ತು. "ಆಪಾ, ನಿಮ್ಮ ಡಬ್ಬಿ ಕಡ್ಡಿ ಒಲೀಗರ ಹಾಕ್ರಿ," ಎಂದು ನಮ್ಮ ಮನೆಯವರು ಮಾಳಿಗೆಯಿಂದಲೇ ಚೇಷ್ಟೆ ಮಾಡಿದರು. ಆಪಾ ಕಡ್ಡಿಯನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ, "ಇರಲಿ ಬಿಡ್ರಿ, ಒಳಗ ಹಸರ ಐತಿ," ಅಂದಳು.

ಶಿವರಾತ್ರಿ ಮುಗಿದು ಬಿಸಿಲು ಚುರುಗುಟ್ಟಲು ಶುರುವಾಯಿತು. ಒಂದು ಮಧ್ಯಾಹ್ನ ಹಪ್ಪಳ ತಿರುವಿ ಹಾಕಲು ಮೇಲೆ ಹೋದೆ. ಎಲೆಗಳೆಲ್ಲ ಜೋಲು ಬಿದ್ದಿದ್ದವು. ನೀರು ಹಾಕಿದೆ, ನೆರಳಿಗೆ ಸರಿಸಿದೆ, ಸೀರೆ ಕಟ್ಟಿ ಮರೆ ಮಾಡಿದೆ. ಎರಡು ದಿನದಲ್ಲಿ ಎಲೆ ಕಪ್ಪಾಗಿ ಉದುರಿದವು. ಒಂದು ಕಡ್ಡಿ ಮೆಲ್ಲಗೆ ಎಳೆದೆ, ಸಲೀಸಾಗಿ ಕೈಗೆ ಬಂತು. ಬುಡ ನಾನು ಓರೆಯಾಗಿ ಕತ್ತರಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಬೇರಿನ ಒಂದು ಎಳೆಯೂ ಇರಲಿಲ್ಲ. ಎಲ್ಲವನ್ನೂ ಎಳೆದು ನೋಡಿದೆ, ಎಲ್ಲವೂ ಹಾಗೆಯೇ.

ನಮ್ಮ ಮನೆಯವರು ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸಿ ಬುಡ ನೋಡಿದರು. "ಬಳ್ಳಿಗೆ ಕೆಳಗ ಹಳೇ ಬೇರ ಇರ್ತಾವ," ಅಂದರು ಕೊನೆಗೆ. "ಎಬ್ಬಿಸಿದ್ರ ಎದ್ದು ನೀರ ಕುಡಿತೈತಿ. ಇದು ಎದ್ದು ಏನ ಕುಡಿಬೇಕು? ಇದ್ದದ್ದೆಲ್ಲಾ ಎಲಿಗೆ ಹಾಕಿ ಸತ್ತೈತಿ. ಕಡ್ಡಿ ಅಂದ್ರ ಕಡ್ಡಿ ಅಲ್ಲ."

ನಾನು ಮಾತು ಬಿಟ್ಟೆ. ಅಡುಗೆ ಮಾಡಿ ಬಡಿಸುತ್ತಿದ್ದೆ, ಮಾತಿಲ್ಲ. ಅವರು ನನಗೆ ಹೇಳದೆ ಜೈನಾಪುರಕ್ಕೆ ಹೋಗಿ, ಬಾವಿಯ ದಂಡೆಯಲ್ಲಿ ಬೇರಿನ ಮರಿಯಾದರೂ ಎದ್ದಿದೆಯೋ ಎಂದು ಹುಡುಕಿ, ಚಪ್ಪಲಿ ತುಂಬ ಮಣ್ಣು ಮೆತ್ತಿಸಿಕೊಂಡು ಬಂದರು. ಅಲ್ಲಿ ಆಗಲೇ ಶೆಡ್ಡಿನ ಕಂಬಗಳು ಎದ್ದಿದ್ದವಂತೆ. ಬರುವಾಗ ನರ್ಸರಿಯಿಂದ ಒಂದು ಅಂಜೂರದ ಸಸಿ ತಂದಿದ್ದರು.

"ಗಿಡ ಬೇಕಂತ ಅಂದಿಲ್ರಿ ನಾ, ಆ ಗಿಡ ಬೇಕಂತ ಅಂದೇನಿ," ಅಂದೆ. ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತು ಅದು. ಆ ಸಸಿ ಈಗಲೂ ಇದೆ, ದಪ್ಪ ಹಣ್ಣು ಬಿಡುತ್ತದೆ, ರುಚಿಯೂ ಇದೆ. ಅದರದೇನು ತಪ್ಪು.

ಉಳಿದದ್ದು ಆಪಾನ ಡಬ್ಬಿಯ ಒಂದೇ ಕಡ್ಡಿ. ಬಟ್ಟೆ ಒಣಹಾಕುವ ನೆಪದಲ್ಲಿ ದಿನವೂ ಕಂಪೌಂಡಿನ ಕಡೆ ಹೋಗಿ ಇಣುಕುತ್ತಿದ್ದೆ. ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕಿದ್ದೂ ಉಂಟು. ಆಪಾನಿಗೆ ಗೊತ್ತಿತ್ತು. ಯುಗಾದಿ ಹತ್ತಿರ ಬಂದಾಗ ಕಡ್ಡಿಯ ತುದಿಯಲ್ಲಿ ಗಿಳಿಯ ಕೊಕ್ಕಿನಷ್ಟು ಹಸಿರು ಕಂಡಿತು. ಕೆಳಗೆ ಬೇರು ಬಿಟ್ಟುಕೊಂಡು, ಸಾವಕಾಶ ಮಾಡಿ, ತನ್ನ ಹೊತ್ತಿಗೆ ತಾನು ಎದ್ದಿತ್ತು. ಗೋಡೆಯ ಮೇಲೆ ಕೈಯಿಟ್ಟು ನಾನು ಅತ್ತುಬಿಟ್ಟೆ.

ಆದರೆ ಅದು ನನ್ನದಲ್ಲ. ಕದ್ದದ್ದನ್ನು ತಿರುಗಿ ಕೇಳಬಾರದು, ಕೊಟ್ಟರೆ ಹತ್ತುವುದಿಲ್ಲ. ಸಸಿಯನ್ನೇ ಕದಿಯುವಂತಿಲ್ಲ, ಅದು ಕಳವಲ್ಲ, ದರೋಡೆ. ಗಿಡ ಬೆಳೆದು ಟೊಂಗೆ ಒಡೆಯುವ ತನಕ ಕಾಯಬೇಕು. ಕಾಯುತ್ತಿರುವಾಗ ಬಕ್ರೀದ್ ಬಂತು. ಆಪಾನ ಮನೆಗೆ ಹೋತು ಬಂತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಕಟ್ಟಿದ ಹಗ್ಗ ಬಿಚ್ಚಿಕೊಂಡು ಅದು ಸೀದಾ ಹೋದದ್ದು ಅಂಜೂರಕ್ಕೇ. ನಾನು ಮಾಳಿಗೆಯಿಂದ "ಯಪ್ಪಾ! ಆಪಾ! ಹೋತ!" ಎಂದು ಕೂಗಿದ್ದಕ್ಕೆ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಅಷ್ಟರಲ್ಲಿ ತುದಿ ಅದರ ಬಾಯಲ್ಲಿತ್ತು. ಮುರಿದ ಗಿಡ ನೋಡಿ ನಮ್ಮ ಮನೆಯವರು ಮೊದಲ ಸಲ ಸಮಾಧಾನದ ಮಾತಾಡಿದರು. "ಅಂಜಬ್ಯಾಡ. ಇದು ಖರೆ ಚಾಟಣಿ." ಹಾಗೆಯೇ ಆಯಿತು. ತುದಿ ಹೋದ ಮೇಲೆ ಮಗ್ಗುಲ ಕಣ್ಣುಗಳು ಒಡೆದು, ಚಳಿಗಾಲದ ಹೊತ್ತಿಗೆ ಹೆಬ್ಬೆರಳು ಗಾತ್ರದ ಟೊಂಗೆಗಳಾದವು.

ಒಂದು ಮುಂಜಾನೆ ಆಪಾ ಅಂಗಳದಲ್ಲಿ ನಿಂತು, ಯಾರಿಗೂ ಅಲ್ಲದ ಹಾಗೆ ಗಟ್ಟಿಯಾಗಿ ಹೇಳಿದಳು, "ನಾ ಈಗ ಮ್ಯಾಲ ಹೋಗಿ ಮೆಣಸಿನಕಾಯಿ ಹರವಾಕ ಹೊಂಟೇನಪಾ. ಭಾಳ ಹೊತ್ತ ಹಿಡಿತೈತಿ. ಕತ್ತರಿ ಕಟ್ಟಿ ಮ್ಯಾಲ ಐತಿ."

ನಾನು ಗೇಟು ದೂಡಿ ಒಳಗೆ ಹೋಗಿ, ಜೀವನದಲ್ಲಿ ಮೊದಲ ಸಲ ಕಳವು ಮಾಡಿದೆ. ಆ ಕಡ್ಡಿಗಳನ್ನು ನೆಡುವಾಗ ನಮ್ಮ ಮನೆಯವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು. ಚಿಗುರಲು ತಿಂಗಳುಗಟ್ಟಲೆ ಹಿಡಿಯಿತು. ನಾವಿಬ್ಬರೂ ಅದರ ಹೆಸರೆತ್ತದೆ ಓಡಾಡಿದೆವು. ಎರಡು ಬದುಕಿದವು.

ಮೊನ್ನೆ ಎಳ್ಳಮಾವಾಸ್ಯೆಗೆ ಮೊದಲು ತಮ್ಮ ಬಂದಿದ್ದ, ಮಗಳ ಕುಬಸಕ್ಕೆ ಕರೆಯಲು. ಚೊಚ್ಚಲ ಬಸಿರಿ ಮಗಳು, ಅವನ ಮುಖದಲ್ಲಿ ಸಂತೋಷವಿತ್ತು. ಗಾಳಿಗೆಂದು ಮಾಳಿಗೆಗೆ ಬಂದವನು ಅಪ್ಪನ ಗಿಡದ ಬಕೆಟ್ಟಿನ ಮುಂದೆ ನಿಂತುಬಿಟ್ಟ. ಗಿಡದಲ್ಲಿ ಒಂದು ಹಣ್ಣು ಉಳಿದಿತ್ತು. ಅದಕ್ಕೆ ನಾನು ಹಳೆಯ ಧೋತರದ ತುಣುಕು ಕಟ್ಟಿದ್ದೆ.

"ಅಪ್ಪ ಕಟ್ಟತಿದ್ದ ಹಂಗ ಕಟ್ಟೀದಿ," ಅಂದ. "ಬಿಚ್ಚಲೇನಬೇ?"

"ಬಿಚ್ಚು."

ಹಣ್ಣು ಒಡೆದು ತಿಂದ. ತಿಂದು ತುಟಿಯನ್ನು ಗಡಬಡಿಸಿ ಒರೆಸಿಕೊಂಡ. ನನಗೆ ನಗು ಬಂತು, ಅವನಿಗೂ ಬಂತು. ಆಮೇಲೆ ಅವನು ಖಾಲಿ ಬಟ್ಟೆಯನ್ನು ಮಡಚಿ ಬಕೆಟ್ಟಿನ ಅಂಚಿಗಿಟ್ಟ.

"ಶೆಡ್ಡಿನ ಪಡುವಣ ಮಗ್ಗಲಿಗೆ ನೆರಳ ಬಿದ್ರೂ ನಡಿತೈತಿ. ಒಂದ ಟೊಂಗಿ ಕೊಡ್ತೀಯೇನ ಅಕ್ಕಾ?"

"ಕೇಳಿ ತಗೊಂಡದ್ದ ಹತ್ತೂದಿಲ್ಲೋ ತಮ್ಮಾ," ಅಂದೆ. ಪದ್ಧತಿಯ ಮಾತೆಂದೇ ಅಂದದ್ದು. ಅಂದ ಮೇಲೆ ಅವನ ಮುಖ ನೋಡಿದೆ. ಮಾತು ಬೇರೆ ಕಡೆ ಹೋಗಿ ತಾಗಿತ್ತು. ತಿದ್ದಲು ಮನಸ್ಸಾಗಲಿಲ್ಲ. "ಕತ್ತರಿ ಅಲ್ಲೇ ಐತಿ. ನಾ ಚಾ ಮಾಡಾಕ ಕೆಳಗ ಹೊಂಟೇನಿ," ಎಂದು ಇಳಿದೆ.

ಚಹಾಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಪಾತ್ರೆಗಳನ್ನು ಸದ್ದು ಮಾಡಿದೆ. ಮೇಲಿನಿಂದ ಕತ್ತರಿಯ ಸದ್ದು ಬರಲಿಲ್ಲ. ಚಹಾ ಉಕ್ಕಿತು, ಸೋಸಿ ಕಪ್ಪಿಗೆ ಹಾಕಿದೆ, ಆಗಲೂ ಇಲ್ಲ. ಕಪ್ಪು ಹಿಡಿದು ಮೇಲೆ ಹೋದೆ. ಅವನು ನಿಂತಲ್ಲೇ ನಿಂತಿದ್ದ. ಕತ್ತರಿ ಮುಟ್ಟಿರಲಿಲ್ಲ.

"ಯಾಕ, ಕಳವು ಮಾಡೂದ ಮರತೀಯೇನ?"

"ಒಮ್ಮಿ ನಿನ್ನ ಕಡಿಂದ ಸಹಿ ಕೇಳಿ ತಗೊಂಡೇನಿ," ಅಂದ. "ಆವಾಗ ನಿನಗೇನ ಬೇಕಬೇ ಅಂತ ಒಂದ ಮಾತ ಕೇಳಲಿಲ್ಲ ನಾ. ಈಗ ಕದ್ದ ಒಯ್ಯಾಕ ಕೈ ಬರೂದಿಲ್ಲ. ಹತ್ತಲಿ ಬಿಡಲಿ, ನೀನ ನಿನ್ನ ಕೈಲೆ ಕೊಡು."

ಇಷ್ಟು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ಹೊಲಕ್ಕಲ್ಲ, ಗಿಡಕ್ಕೂ ಪೂರ್ತಿಯಾಗಿ ಅಲ್ಲ. ಕತ್ತರಿ ಎತ್ತಿಕೊಂಡೆ. ಒಳ್ಳೆಯ ಟೊಂಗೆಗಳನ್ನೇ ಆರಿಸಿದೆ. ಕಣ್ಣು ತುಂಬಿ ಬಂದಾಗ, ಅಂಜೂರದ ಹಾಲು ಸಿಡಿಯಿತು ಎನ್ನಬಹುದಿತ್ತು, ಅನ್ನಲಿಲ್ಲ. ಅವನು ಹೆಗಲ ಮೇಲಿನ ಟವಲ್ ತೆಗೆದು, ಎರಡೂ ಕೈಯಿಂದ ನನ್ನ ಮುಂದೆ ಹಿಡಿದ. ತವರಿನಲ್ಲಿ ಉಡಿ ತುಂಬುವಾಗ ಅವನ ಹೆಂಡತಿಯ ಮುಂದೆ ನಾನು ಸೆರಗು ಹಿಡಿಯುವುದು ಹಾಗೆಯೇ. ಕಡ್ಡಿಗಳನ್ನು ಅದರಲ್ಲಿ ಇಟ್ಟೆ.

"ಪೇಸ್ಟ್ ಗೀಸ್ಟ್ ಹಚ್ಚೀಯ ಮತ್ತ," ಅಂದೆ.

"ಹಚ್ಚೂದಿಲ್ಲ. ಒಣಗಿದ್ರ ಮತ್ತ ಬಂದ ಕೇಳ್ತೇನಿ."

"ಕೇಳು," ಅಂದೆ.